ಮೈದಾ ಹಿಟ್ಟು, ಪ್ಲಂಬರ್ ಟೇಪು ಮತ್ತು ಒಂದು ಹಂಟರ್ ವಿಮಾನ

ಗೇಣುದ್ದದ ಒಂದು ವಿಮಾನಕ್ಕೆ ಎರಡು ಬಣ್ಣ ಹೊಡೆಯಲು ಎಷ್ಟು ಹೊತ್ತು ಬೇಕು? ಏರ್‌ಬ್ರಷ್ ಕೈಯಲ್ಲಿದ್ದರೆ ಇಪ್ಪತ್ತು ನಿಮಿಷ ಸಾಕು. ಬಣ್ಣ ಹೋಗಬಾರದ ಜಾಗಕ್ಕೆ ಹೋಗದಂತೆ ತಡೆಯಲು ಮಾತ್ರ ಮೂರು ಸಂಜೆ ಬೇಕು. ಸ್ಕೇಲ್ ಮಾಡೆಲ್ ಮಾಡುವವರ ಅಸಲಿ ಕೆಲಸ ಇರುವುದು ಈ ತಡೆಯುವುದರಲ್ಲೇ. ಇದಕ್ಕೆ ಮಾಸ್ಕಿಂಗ್ ಅನ್ನುತ್ತಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕೇಲ್ ಮಾಡೆಲ್ ಅಂದರೆ ಆಟಿಕೆಯಲ್ಲ. ನಿಜವಾದ ವಿಮಾನವನ್ನೋ ಟ್ಯಾಂಕನ್ನೋ ಒಂದು ನಿರ್ದಿಷ್ಟ ಅಳತೆಗೆ ಕುಗ್ಗಿಸಿ, ಬಿಡಿಭಾಗಗಳನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು ಪೆಟ್ಟಿಗೆಯಲ್ಲಿ ಕೊಡುತ್ತಾರೆ. ನಾವು ಅಂಟಿಸಿ, ಉಜ್ಜಿ, ಬಣ್ಣ ಹೊಡೆದು ಮುಗಿಸಬೇಕು. ನನ್ನದು 1:72 ಅಳತೆ. ಅಂದರೆ ನಿಜವಾದ ವಿಮಾನದ 72 ಸೆಂಟಿಮೀಟರ್ ನನ್ನ ಮೇಜಿನ ಮೇಲೆ ಒಂದು ಸೆಂಟಿಮೀಟರ್. ಮಾಸ್ಕಿಂಗ್ ಹೊಸ ವಿಷಯವೇನೂ ಅಲ್ಲ. ಅಮ್ಮ ಹಬ್ಬದ ದಿನ ರಂಗೋಲಿ ಅಚ್ಚು ಇಟ್ಟು ಪುಡಿ ಉದುರಿಸುವುದು ಅದೇ. ಜೀಪಿಗೆ ನಂಬರ್ ಬರೆಯುವವರು ಟೇಪ್ ಅಂಟಿಸಿ ಸ್ಪ್ರೇ ಹೊಡೆಯುವುದೂ ಅದೇ.

ನಾನು ಮೈಸೂರಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ. ರಜೆಯಲ್ಲಿ ಕಕ್ಕಬೆಯ ಮನೆಗೆ ಬಂದಾಗ ಹೊರಗೆ ತಡಿಯಂಡಮೋಳ್ ಬೆಟ್ಟವೂ ಕಾಣದಷ್ಟು ಮಳೆ. ಅಂಗಳಕ್ಕೆ ಇಳಿಯಲಾಗದ ಆ ದಿನಗಳಲ್ಲಿ ಕೈಗೆತ್ತಿಕೊಂಡಿದ್ದು ಹಾಕರ್ ಹಂಟರ್ ಯುದ್ಧವಿಮಾನ. ಹಂಟರೇ ಯಾಕೆ ಅಂದರೆ ಕೊಡಗಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಮಗ, ಮುಂದೆ ಏರ್ ಮಾರ್ಷಲ್ ಆದ ಕೆ.ಸಿ. ಕಾರ್ಯಪ್ಪ, 1965ರ ಯುದ್ಧದಲ್ಲಿ 20ನೇ ಸ್ಕ್ವಾಡ್ರನ್ನಿನಲ್ಲಿ ಹಾರಿಸುತ್ತಿದ್ದುದು ಹಂಟರ್. ಆ ವರ್ಷ ಸೆಪ್ಟೆಂಬರ್ 22ರಂದು, ಯುದ್ಧ ಮುಗಿಯುವ ಹೊತ್ತಿಗೆ, ಅವರ ವಿಮಾನಕ್ಕೆ ನೆಲದಿಂದ ಗುಂಡು ಬಿತ್ತು. ಹೊರಕ್ಕೆ ಹಾರಿ ಸೆರೆಯಾದರು. ಅಯೂಬ್ ಖಾನ್ ಕಡೆಯಿಂದ ಬಿಡುಗಡೆಯ ಮಾತು ಬಂದಾಗ, ಉಳಿದ ಸೆರೆಯಾಳುಗಳಿಗಿಲ್ಲದ ಸವಲತ್ತು ತಮ್ಮ ಮಗನಿಗೆ ಬೇಡವೆಂದು ತಂದೆ ಹೇಳಿಕಳಿಸಿದ ಕಥೆ ನಮ್ಮ ಕಡೆ ಮನೆಮನೆಯಲ್ಲೂ ಗೊತ್ತು. ಅದೇ ತಿಂಗಳ 7ರಂದು ಸರ್ಗೋಧಾ ದಾಳಿಯಲ್ಲಿ ಮಿಸ್ಟೇರ್ ವಿಮಾನದಲ್ಲಿ ಸ್ಟಾರ್‌ಫೈಟರನ್ನು ಎದುರಿಸಿ ಮಡಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತವನ್ನು ಮಡಿಕೇರಿಗೆ ಹೋದವರೆಲ್ಲ ದಾಟಿಯೇ ಇರುತ್ತೀರಿ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ಮೂರು ವರ್ಷ ತಡವಾಗಿ. ಮಿಸ್ಟೇರ್ ನನ್ನ ಮುಂದಿನ ಪಟ್ಟಿಯಲ್ಲಿದೆ. ಈಗ ಹಂಟರ್.

ಹಂಟರನ್ನು ಭಾರತ ಬ್ರಿಟನ್ನಿಗೆ ಆರ್ಡರ್ ಮಾಡಿದ್ದು 1957ರಲ್ಲಿ. ರೆಕ್ಕೆಯಗಲ 10.26 ಮೀಟರ್, ನನ್ನ ಮಾಡೆಲ್‌ನಲ್ಲಿ ಹದಿನಾಲ್ಕೂಕಾಲು ಸೆಂಟಿಮೀಟರ್. ಮೇಲ್ಭಾಗಕ್ಕೆ ಬ್ರಿಟಿಷ್ ವಾಯುಪಡೆಯ ಕ್ರಮದಲ್ಲೇ ಎರಡು ಬಣ್ಣ: ಕಡು ಹಸಿರು, ಕಡು ಬೂದು. ಬೂದುಬಣ್ಣದ ಮೇಲೆ ಹಸಿರು ಅಲೆ‌ಅಲೆಯಾಗಿ ಹರಿದು ರೆಕ್ಕೆಯಿಂದ ಬೆನ್ನಿಗೆ, ಬೆನ್ನಿನಿಂದ ಬಾಲಕ್ಕೆ ಹೋಗುತ್ತದೆ. ಮೇಲಿನಿಂದ ನೋಡುವವನಿಗೆ ವಿಮಾನದ ಆಕಾರ ಒಡೆದುಹೋಗಿ ನೆಲದೊಳಗೆ ಬೆರೆಯಬೇಕು. ಕ್ಯಾಮಫ್ಲಾಜ್‌ನ ಉದ್ದೇಶವೇ ಅದು.

ಈಗ ಪ್ರಶ್ನೆ: ಹಸಿರು ಮುಗಿದು ಬೂದು ಶುರುವಾಗುವ ಆ ಗೆರೆ ಹೇಗಿರಬೇಕು? ಬ್ಲೇಡಿನಲ್ಲಿ ಕೊಯ್ದ ಹಾಗೋ, ಮಂಜಿನಲ್ಲಿ ಕರಗಿದ ಹಾಗೋ?

ಮಾಸ್ಕಿಂಗ್ ವಸ್ತುಗಳ ಬಗ್ಗೆ ಮಾಡೆಲ್ ಮಾಡುವವರನ್ನು ಕೇಳಿದರೆ ಎಲ್ಲರೂ ಶುರು ಮಾಡುವುದು ‘ಯಾವ ಟೇಪು ಒಳ್ಳೇದು’ ಎಂಬಲ್ಲಿಂದ. ನನ್ನ ಪ್ರಕಾರ ಆ ಪ್ರಶ್ನೆ ಎರಡನೆಯದು. ಮೊದಲು ಬೇಕಾದ್ದು ಅಂಚಿನ ಲೆಕ್ಕ. ಹಂಟರ್‌ನ ಬಣ್ಣದ ಅಂಚು ಚೂಪು. ನಿಜವಾದ ವಿಮಾನದ ಮೇಲೆ ಒಂದು ಬಣ್ಣ ಇನ್ನೊಂದಕ್ಕೆ 25 ಮಿಲಿಮೀಟರ್ ಅಗಲದಲ್ಲಿ ಬೆರೆತಿದೆ ಎಂದೇ ಇಟ್ಟುಕೊಳ್ಳಿ. 72ರಿಂದ ಭಾಗಿಸಿದರೆ 0.35 ಮಿಲಿಮೀಟರ್. ಒಂದು ಅಡಿ ದೂರದಿಂದ ನಮ್ಮ ಕಣ್ಣು ಬೇರ್ಪಡಿಸಿ ನೋಡಬಲ್ಲದ್ದು ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಹಾಗಾಗಿ 0.35 ಕಾಣುತ್ತದೆ, ಆದರೆ ಕಂಡೂ ಕಾಣದಷ್ಟು. ಅದೇ ಅಂಚು ಮಾಡೆಲ್‌ನಲ್ಲಿ ಎರಡು ಮಿಲಿಮೀಟರ್ ಹರಡಿದರೆ? ನಿಜವಾದ ವಿಮಾನದಲ್ಲಿ ಅದು 14.4 ಸೆಂಟಿಮೀಟರ್ ಆಗುತ್ತದೆ. ಯಾರೋ ಪೊರಕೆಯಲ್ಲಿ ಬಣ್ಣ ಹಚ್ಚಿದ ಹಾಗೆ.

ಎಲ್ಲ ವಿಮಾನಕ್ಕೂ ಚೂಪು ಅಂಚೇ ಸರಿ ಎಂದೂ ಅಲ್ಲ. 1971ರಲ್ಲಿ ನಮ್ಮ ಬೆಳ್ಳಿಬಣ್ಣದ ಮಿಗ್-21ಗಳಿಗೆ ತರಾತುರಿಯಲ್ಲಿ ಹಸಿರು ಬಳಿದು ಯುದ್ಧಕ್ಕೆ ಕಳಿಸಿದ್ದರು. ಅಲ್ಲಿ ಅಂಚು ಅಡ್ಡಾದಿಡ್ಡಿ, ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ಅದಕ್ಕೆ ಟೇಪ್ ಅಂಟಿಸಿ ಅಂದವಾಗಿ ಗೆರೆ ಎಳೆದರೆ ಸುಳ್ಳಾಗುತ್ತದೆ. ಹಾಗಾಗಿ ‘ಒಳ್ಳೆಯ ಮಾಸ್ಕ್’ ಎಂಬುದಿಲ್ಲ. ಈ ವಿಮಾನಕ್ಕೆ ಯಾವುದು ಎಂಬುದಷ್ಟೇ.

ಲೆಕ್ಕ ಆಯಿತು, ಇನ್ನು ಪರೀಕ್ಷೆ. ಹಳೇ ಸಿ.ಡಿ. ಡಬ್ಬಗಳ ಪ್ಲಾಸ್ಟಿಕ್ಕೂ ಮಾಡೆಲ್ ಕಿಟ್‌ನ ಪ್ಲಾಸ್ಟಿಕ್ಕೂ ಒಂದೇ ಜಾತಿ, ಪಾಲಿಸ್ಟೈರೀನ್. ಅಟ್ಟದಲ್ಲಿ ಒಂದು ಚೀಲ ತುಂಬ ಇದ್ದವು. ಅವು ಚಪ್ಪಟೆ. ವಿಮಾನದ ಬೆನ್ನಿನ ಹಾಗೆ ಉಬ್ಬಿರುವುದು ಬೇಕೆಂದು, ಯಾವುದೋ ಮದುವೆಯಲ್ಲಿ ಉಳಿದು ಮನೆಯಲ್ಲೇ ಬಿದ್ದಿದ್ದ ಪ್ಲಾಸ್ಟಿಕ್ ಚಮಚಗಳನ್ನು ತೆಗೆದುಕೊಂಡೆ. (2022ರ ಜುಲೈಯಿಂದ ಅವು ನಿಷೇಧ, ಇದ್ದವರು ಜೋಪಾನ ಮಾಡಿ, ಮಾಡೆಲ್ ಮಾಡುವವರಿಗೆ ಅವು ಚಿನ್ನ.) ಎಲ್ಲಕ್ಕೂ ಒಂದೇ ಪ್ರೈಮರ್, ಒಂದೇ ಬೂದು. ಎರಡು ದಿನ ಬಿಟ್ಟು ಮಾಸ್ಕ್, ಅದರ ಮೇಲೆ ಹಸಿರು. ಕಿತ್ತ ಮೇಲೆ ಭೂತಗನ್ನಡಿಯಲ್ಲಿ ನೋಡಿ ಚಮಚದ ಹಿಡಿಕೆಯ ಮೇಲೆ ಪೆನ್ನಿನಲ್ಲಿ ಬರೆದಿಟ್ಟೆ.

ಮೊದಲನೆಯದು ನಾಪೋಕ್ಲುವಿನ ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಮಾಸ್ಕಿಂಗ್ ಟೇಪು. ಗೋಡೆಗೆ ಬಣ್ಣ ಹೊಡೆಯುವವರು ಬಳಸುವ ಹಳದಿ ಕಾಗದದ್ದು. ಅದರ ಮೈ ನೋಡಿ: ಸಣ್ಣ ಸಣ್ಣ ಸುಕ್ಕು. ಎಳೆದರೆ ಹಿಗ್ಗಲಿ ಎಂದು ಬೇಕೆಂದೇ ಸುಕ್ಕು ಮಾಡಿರುತ್ತಾರೆ. ಗೋಡೆಗೆ ಅದು ಅನುಕೂಲ. 1:72ಕ್ಕೆ ಆ ಒಂದೊಂದು ಸುಕ್ಕೂ ಒಂದೊಂದು ಚರಂಡಿ. ಬಣ್ಣ ಅದರೊಳಗೆ ನುಗ್ಗಿ ಗರಗಸದ ಹಲ್ಲಿನಂತಹ ಅಂಚು ಬಂತು. ಅಂಟೂ ಜೋರು. ಮೊದಲು ಜೀನ್ಸ್ ಪ್ಯಾಂಟಿಗೆ ಎರಡು ಮೂರು ಸಲ ಅಂಟಿಸಿ ಕಿತ್ತು ಜೋರು ಕಡಿಮೆ ಮಾಡಿದರೆ ಬಳಸಬಹುದು, ಆದರೆ ಅಂಚಿಗಲ್ಲ. ಅಂಚಿನಿಂದ ದೂರದ ಜಾಗ ಮುಚ್ಚಲಿಕ್ಕೆ.

ಎರಡನೆಯದು ಜಪಾನಿನ ತಮಿಯಾ ಟೇಪು. ವಾಶಿ ಎಂಬ ತೆಳು ಕಾಗದದ್ದು. ಸುಕ್ಕಿಲ್ಲ, ಅಂಟು ಹದ, ಕಿತ್ತರೆ ಜಿಡ್ಡಿಲ್ಲ. ನೇರ ಗೆರೆಗೆ ಇದನ್ನು ಮೀರಿಸುವುದನ್ನು ನಾನು ನೋಡಿಲ್ಲ. ರಗಳೆ ಎರಡು. ಒಂದು, ಬೆಲೆ, ಅದರ ಒಂದು ಉರುಳೆಯ ದುಡ್ಡಿಗೆ ಹಾರ್ಡ್‌ವೇರ್ ಅಂಗಡಿಯ ನಾಲ್ಕೈದು ಉರುಳೆ ಬರುತ್ತವೆ. ಎರಡು, ಕ್ಯಾಮಫ್ಲಾಜ್ ಗೆರೆ ನೇರ ಇರುವುದಿಲ್ಲ. ಅಗಲ ಟೇಪನ್ನು ಬಾಗಿಸಿದರೆ ಒಳಬದಿ ನೆರಿಗೆ ಬಿದ್ದು ಎದ್ದು ನಿಲ್ಲುತ್ತದೆ. ಅದಕ್ಕೆ ಉಪಾಯ: ಗಾಜಿನ ತುಂಡಿನ ಮೇಲೆ ಟೇಪ್ ಅಂಟಿಸಿ, ಸ್ಟೀಲ್ ಸ್ಕೇಲ್ ಇಟ್ಟು, ಹೊಸ ಬ್ಲೇಡಿನಿಂದ ಒಂದೂವರೆ ಮಿಲಿಮೀಟರಿನ ದಾರದಂತಹ ಪಟ್ಟಿ ಕೊಯ್ಯುವುದು. ಅಷ್ಟು ಸಣ್ಣ ಪಟ್ಟಿ ತಿರುವಿಗೆ ಬಗ್ಗುತ್ತದೆ. ಗಾಜಿನ ಮೇಲೆ ಕೊಯ್ಯುವುದರಿಂದ ಇನ್ನೊಂದು ಲಾಭವಿದೆ. ಉರುಳೆಯ ಬದಿಗೆ ಧೂಳು, ಕೂದಲು ಅಂಟಿರುತ್ತವೆ. ಹೊಸದಾಗಿ ಕೊಯ್ದ ಅಂಚು ಶುಚಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಹೂಬಳ್ಳಿ ಚಿತ್ರದ ಅಲಂಕಾರದ ವಾಶಿ ಟೇಪನ್ನೂ ನೋಡಿದೆ. ಕಾಗದ ಪರವಾಗಿಲ್ಲ, ಅಂಟು ಒಂದು ಉರುಳೆಯಲ್ಲಿ ಒಂದು ತರ. ನಂಬಿ ಕೂರಲಾಗದು.

ಕರೆಂಟ್ ಕೆಲಸದವರ ಇನ್ಸುಲೇಷನ್ ಟೇಪು ತಿರುವಿಗೆ ಚೆನ್ನಾಗಿ ಬಗ್ಗುತ್ತದೆ. ಆದರೆ ಎಳೆದು ಅಂಟಿಸಿದರೆ ರಾತ್ರಿ ಕಳೆಯುವುದರೊಳಗೆ ಮೊದಲಿನ ಉದ್ದಕ್ಕೆ ಕುಗ್ಗಿ, ತಿರುವಿನಲ್ಲಿ ಮೇಲೇಳುತ್ತದೆ. ಎಳೆಯದೆ ಅಂಟಿಸಬೇಕು. ಹೆಚ್ಚು ದಿನ ಬಿಟ್ಟರೆ ಗೋಂದು ಉಳಿಯುತ್ತದೆ. ಅರ್ಧ ದಿನದ ಕೆಲಸಕ್ಕೆ ಅಡ್ಡಿಯಿಲ್ಲ.

ಇನ್ನು ಟ್ಯಾಕ್. ಹಾಸ್ಟೆಲ್ ಗೋಡೆಗೆ ಟೈಂಟೇಬಲ್ಲು, ಪೋಸ್ಟರು ಅಂಟಿಸುತ್ತೇವಲ್ಲ, ಚೂಯಿಂಗ್ ಗಮ್ಮಿನಂತಹ ಜೇಡಿ, ಅದೇ. ಇದನ್ನು ಅಂಗೈಯಲ್ಲಿ ಹೊಸೆದು ಶ್ಯಾವಿಗೆಗಿಂತ ತುಸು ದಪ್ಪದ ಎಳೆ ಮಾಡಿ, ವಿಮಾನದ ಮೇಲೆ ಪೆನ್ಸಿಲ್ ಗುರುತಿನ ಗುಂಟ ಮಲಗಿಸುತ್ತಾ ಹೋಗುವುದು. ಎಂಥ ತಿರುವಿಗೂ ಬಗ್ಗುತ್ತದೆ, ಇಷ್ಟವಾಗದಿದ್ದರೆ ಎತ್ತಿ ಮತ್ತೆ ಇಡಬಹುದು. ಎಳೆ ದುಂಡಗಿರುವುದರಿಂದ ಅದು ಮೈಗೆ ತಾಗುವ ಜಾಗದ ಪಕ್ಕದಲ್ಲಿ ಒಂದು ಸಣ್ಣ ಸಂದು ಉಳಿಯುತ್ತದೆ. ಏರ್‌ಬ್ರಷ್ಷನ್ನು ನೇರ ಮೇಲಿನಿಂದ ಹಿಡಿದರೆ ಎಳೆಯೇ ಆ ಸಂದಿಗೆ ನೆರಳು. ಅಂಚು ಹೆಚ್ಚುಕಡಿಮೆ ಚೂಪು, ಕೂದಲೆಳೆಯಷ್ಟು ಮೃದು. ಪಕ್ಕದಿಂದ ಓರೆಯಾಗಿ ಹಿಡಿದರೆ ಬಣ್ಣ ಸಂದಿಗೆ ನುಗ್ಗಿ ಅಂಚು ಹರಡುತ್ತದೆ. ಒಂದೇ ವಸ್ತು, ಕೈ ಹಿಡಿಯುವ ಕೋನ ಬದಲಾದರೆ ಅಂಚೂ ಬೇರೆ. ಇಷ್ಟು ಸ್ವಾತಂತ್ರ್ಯ ಬೇರೆ ಯಾವ ಮಾಸ್ಕಿನಲ್ಲೂ ಇಲ್ಲ. ಎಳೆಯ ದಪ್ಪವೂ ಮುಖ್ಯ: ದಪ್ಪ ಹೆಚ್ಚಿದಷ್ಟೂ ಸಂದು ದೊಡ್ಡದು, ಅಂಚು ಮೃದು. ಹಂಟರ್‌ಗೆ ಎರಡು ಮಿಲಿಮೀಟರ್ ದಪ್ಪದ ಎಳೆ ಸಾಕಾಯಿತು. ನಮ್ಮ ಮಳೆಗಾಲದ ಚಳಿಗೆ ಟ್ಯಾಕ್ ಬಿರುಸಾಗುತ್ತದೆ, ಒಲೆಯ ಹತ್ತಿರ ಐದು ನಿಮಿಷ ಇಟ್ಟು ನಾದಬೇಕು. ಬೇಸಿಗೆಯಲ್ಲಿ ಮೈಸೂರಿನ ಹಾಸ್ಟೆಲ್ಲಿನಲ್ಲಾದರೆ ತಾನಾಗಿ ಕರಗಿ ಜೋತುಬೀಳುತ್ತದೆ. ರಾತ್ರಿಯಿಡೀ ಬಿಟ್ಟರೆ ಎಣ್ಣೆಯ ಕಲೆ ಬಿಡುವುದೂ ಉಂಟು. ಬಣ್ಣ ಹೊಡೆದ ಅರ್ಧ ಗಂಟೆಯಲ್ಲಿ ತೆಗೆದುಬಿಡಬೇಕು.

ಕಾಗದದ ಅಚ್ಚು ಇದಕ್ಕಿಂತ ಅಗ್ಗ. ಕಿಟ್‌ನಲ್ಲಿರುವ ಬಣ್ಣದ ನಕ್ಷೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ಮಾಡೆಲ್ ಅಳತೆಗೆ ಹಿಗ್ಗಿಸಿ, ಕತ್ತರಿಸಿ, ಕೆಳಗೆ ಟ್ಯಾಕಿನ ಸಣ್ಣ ಗುಂಡು ಇಟ್ಟು ಮೈಯಿಂದ ಒಂದು ಮಿಲಿಮೀಟರ್ ಎತ್ತರದಲ್ಲಿ ನಿಲ್ಲಿಸುವುದು. ರೆಕ್ಕೆಯಂತಹ ಚಪ್ಪಟೆ ಜಾಗಕ್ಕೆ ಸೊಗಸು. ದುಂಡು ಬೆನ್ನಿಗೆ ಬಂದಾಗ ಕಾಗದ ಒಂದು ಕಡೆ ತಾಗಿ ಇನ್ನೊಂದು ಕಡೆ ಎದ್ದು, ಅಂಚು ಒಂದೆಡೆ ಚೂಪು, ಒಂದೆಡೆ ಮಸುಕು. ನಕ್ಷೆ ಚಪ್ಪಟೆ, ವಿಮಾನ ದುಂಡು; ಭೂಪಟ ಬರೆಯುವವರ ಕಷ್ಟವೇ ಇದು. 1971ರ ಮಿಗ್‌ಗೆ ಮಾತ್ರ ಈ ಏರುಪೇರೇ ಬೇಕು.

ದ್ರವ ಮಾಸ್ಕ್ ಎಂದು ಬಾಟಲಿಯಲ್ಲಿ ಮಾರುವುದರಲ್ಲಿ ಹೆಚ್ಚಿನವು ರಬ್ಬರ್ ಹಾಲೇ. ಸಂಪಾಜೆ ಕಡೆ ರಬ್ಬರ್ ತೋಟ ಇರುವ ಗೆಳೆಯನೊಬ್ಬ ಒಂದು ಸಣ್ಣ ಬಾಟಲಿ ಹಾಲು ತಂದುಕೊಟ್ಟ. ಬ್ರಷ್ಷಿನಲ್ಲಿ ಹಚ್ಚಿ ಒಣಗಿದ ಮೇಲೆ ಉಗುರಿನಲ್ಲಿ ಮೀಟಿದರೆ ಹಾವಿನ ಪೊರೆಯ ಹಾಗೆ ಏಳುತ್ತದೆ, ಮಜಾ ಇದೆ. ಆದರೆ ಹಾಲು ಹೆಪ್ಪುಗಟ್ಟದಿರಲೆಂದು ಅಮೋನಿಯ ಬೆರೆಸಿರುತ್ತಾರೆ. ಅಮೋನಿಯ ಅಕ್ರಿಲಿಕ್ ಬಣ್ಣಕ್ಕೆ ಶತ್ರು. ಅಮೋನಿಯ ಇರುವ ಗಾಜು ಒರೆಸುವ ದ್ರಾವಣದಿಂದ ಅಕ್ರಿಲಿಕ್ ಬಣ್ಣ ಕಿತ್ತು ತೆಗೆಯುವವರೇ ಇದ್ದಾರೆ. ನನ್ನ ಅಕ್ರಿಲಿಕ್ ಚಮಚದ ಮೇಲೆ ಬೂದುಬಣ್ಣ ಮಂಕಾಯಿತು. ಎನಾಮಲ್ ಚಮಚಕ್ಕೆ ಏನೂ ಆಗಲಿಲ್ಲ. ಅಲ್ಲದೆ ಬ್ರಷ್ಷಿನಲ್ಲಿ ಎಳೆದ ಅಂಚು ನಮ್ಮ ಕೈ ನಡುಕದಷ್ಟೇ ಚೆನ್ನ. ಪೈಲಟ್ ಕೂರುವ ಗಾಜಿನ ಭಾಗಕ್ಕೆ ನಾನು ಕೊನೆಗೆ ಹಚ್ಚಿದ್ದು ಫೆವಿಕಾಲ್. ಒಣಗಿ ಪಾರದರ್ಶಕವಾಗುತ್ತದೆ, ಆಮೇಲೆ ಒದ್ದೆ ಬಟ್ಟೆ ಮತ್ತು ಹಲ್ಲುಕಡ್ಡಿಯಿಂದ ತೆಗೆಯಬಹುದು. ಬಿಸಿಲಿದ್ದರೆ ಬೇಗ ಒಣಗುತ್ತದೆ. ಜುಲೈಯ ಕಕ್ಕಬೆಯಲ್ಲಿ ಒಂದು ದಿನ ಪೂರ್ತಿ.

ಕಕ್ಕಬೆ ಅಂದ ಮೇಲೆ ಜೇನಿಲ್ಲದೆ ಆಗುತ್ತದೆಯೇ? ಜೇನುಮೇಣವನ್ನೂ ಒಂದು ಚಮಚಕ್ಕೆ ಸವರಿ ನೋಡಿದೆ. ಬಾಟಿಕ್ ಸೀರೆಯವರು ಮೇಣದಿಂದಲೇ ಬಣ್ಣ ತಡೆಯುತ್ತಾರಲ್ಲ! ಬಟ್ಟೆಯಾದರೆ ಬಿಸಿನೀರಿಗೆ ಹಾಕಿ ಮೇಣ ಕರಗಿಸಬಹುದು. ಪ್ಲಾಸ್ಟಿಕ್ಕಿಗೆ ಆ ಭಾಗ್ಯವಿಲ್ಲ. ಒರೆಸಿದಷ್ಟೂ ಜಿಡ್ಡು ಉಳಿದು, ಮೇಲಿನ ಬಣ್ಣ ಹಿಡಿಯಲಿಲ್ಲ. ಮೇಣವನ್ನು ಪೀಠೋಪಕರಣಕ್ಕೇ ಬಿಡೋಣ.

ಮೈದಾ ಹಿಟ್ಟಿನ ಐಡಿಯಾ ಅಡುಗೆಮನೆಯಲ್ಲಿ ಪರೋಟಾ ಲಟ್ಟಿಸುವಾಗ ಬಂದದ್ದು. ಗಟ್ಟಿಯಾಗಿ ನಾದಿದ ಮೈದಾ, ಕೈಗೆ ಎಣ್ಣೆ ಸೋಕಿಸದೆ, ಟ್ಯಾಕಿನ ಹಾಗೆಯೇ ಎಳೆಯಾಗುತ್ತದೆ. ಅಂಚಿನ ಕೆಲಸಕ್ಕೆ ಸಾಲದು: ನಿಮಿಷಗಳಲ್ಲಿ ಹೊರಮೈ ಒಣಗಿ ಬಿರುಕು ಬಿಡುತ್ತದೆ, ಒಳಗಿನ ತೇವ ನೀರಿನ ಬಣ್ಣವನ್ನು ಎಳೆದುಕೊಳ್ಳುತ್ತದೆ. ಆದರೆ ತುಂಬುವ ಕೆಲಸಕ್ಕೆ ಬಲು ಉಪಯೋಗಿ. ವಿಮಾನದ ಗಾಳಿ ನುಗ್ಗುವ ಬಾಯಿ, ಹಿಂದಿನ ಹೊಗೆ ಕೊಳವೆ, ಚಕ್ರ ಮಡಚುವ ಗೂಡು, ಇವುಗಳ ಒಳಗೆ ಹಸಿರು ಹೋಗಬಾರದು. ಅಲ್ಲಿಗೆ ದುಬಾರಿ ಟ್ಯಾಕ್ ತುರುಕುವ ಬದಲು ಎರಡು ಉಂಡೆ ಮೈದಾ ಸಾಕು. ಅವತ್ತೇ ತೆಗೆದುಬಿಡಿ, ಇಲ್ಲವಾದರೆ ಇರುವೆ ಬರುತ್ತದೆ. ನಮ್ಮಲ್ಲಿ ಬಂದಿತ್ತು.

ನನ್ನ ಪಟ್ಟಿಯ ಅಚ್ಚರಿ ಎಂದರೆ ಪ್ಲಂಬರ್‌ಗಳ ಬಿಳಿ ಟೇಪು. ನಲ್ಲಿ ಮರೆಗೆ ಸುತ್ತುತ್ತಾರಲ್ಲ, ಟೆಫ್ಲಾನ್ ಟೇಪು. ಹತ್ತಿಪ್ಪತ್ತು ರೂಪಾಯಿಗೆ ಒಂದು ಸುರುಳಿ. ಇದಕ್ಕೆ ಅಂಟೇ ಇಲ್ಲ! ಅಂಟಿಲ್ಲದ ಟೇಪು ಯಾತಕ್ಕೆ ಅನ್ನಬೇಡಿ, ಅದೇ ಅದರ ಗುಣ. ಅಂಟಿಲ್ಲದ್ದರಿಂದ ಕೆಳಗಿನ ಬಣ್ಣ ಕೀಳುವ ಭಯವಿಲ್ಲ, ಗೋಂದು ಉಳಿಯುವುದಿಲ್ಲ. ಮೆದುವಾಗಿ ಎಳೆದು ಸುತ್ತಿದರೆ ಮೈಗೆ ಕಚ್ಚಿಕೊಳ್ಳುತ್ತದೆ. ಅಂಚಿಗೆ ಟ್ಯಾಕಿನ ಎಳೆ ಇಟ್ಟು, ಅದರ ಹಿಂದಿನ ಬಯಲನ್ನೆಲ್ಲ ಈ ಬಿಳಿ ಟೇಪಿನಿಂದ ಮುಚ್ಚಿ, ತುದಿಯನ್ನು ಟ್ಯಾಕಿನ ಮೇಲೆಯೇ ಒತ್ತಿದರೆ ಹಿಡಿದು ನಿಲ್ಲುತ್ತದೆ. ಬೆಲೆಯ ಲೆಕ್ಕವೆಲ್ಲ ಇಲ್ಲೇ ತಲೆಕೆಳಗಾಯಿತು. ದುಬಾರಿ ವಸ್ತು ಬೇಕಾದ್ದು ಅಂಚಿನ ಎರಡು ಮಿಲಿಮೀಟರಿಗೆ ಮಾತ್ರ. ಉಳಿದ ಮೈ ಮುಚ್ಚಲು ಯಾವುದಾದರೂ ನಡೆಯುತ್ತದೆ.

ಈ ಹಂಟರ್ ಯಾರಿಗಾಗಿ ಎಂಬುದನ್ನು ಈಗ ಹೇಳಬೇಕು, ಯಾಕೆಂದರೆ ಅಂಚಿನ ಲೆಕ್ಕಕ್ಕೆ ಇನ್ನೊಂದು ಅಂಶ ಸೇರಿದ್ದು ಅಲ್ಲಿಂದ. ನನ್ನ ಅಜ್ಜನ ತಮ್ಮ, ನಾವು ಚಿಕ್ಕಜ್ಜ ಅನ್ನುತ್ತೇವೆ, ವಾಯುಪಡೆಯಲ್ಲಿ ಏರ್‌ಮನ್ ಆಗಿದ್ದವರು. ಹಾರಿಸಿದವರಲ್ಲ, ವಿಮಾನ ಇಳಿದ ಮೇಲೆ ಅದರ ಹೊಟ್ಟೆಯಡಿ ನುಗ್ಗುತ್ತಿದ್ದವರು. ಈಗ ಕಣ್ಣು ಬಹುಮಟ್ಟಿಗೆ ಹೋಗಿದೆ. ಕೈಗೆ ಏನು ಕೊಟ್ಟರೂ ಬೆರಳಿನಲ್ಲೇ ನೋಡುತ್ತಾರೆ. ನನ್ನ ಪರೀಕ್ಷೆಯ ಚಮಚಗಳನ್ನು ಒಂದೊಂದಾಗಿ ಕೈಗೆ ಕೊಟ್ಟೆ. ಹೆಬ್ಬೆರಳಿನಿಂದ ಸವರುತ್ತಾ, ಜಪಾನಿ ಟೇಪಿನ ಚಮಚ ಬಂದಾಗ ನಿಂತರು.

“ಇಲ್ಲಿ ಮೆಟ್ಟಿಲು ಇದೆಯಲ್ಲ ಮಗ.”

ಕಣ್ಣಿಗೆ ಎಲ್ಲಕ್ಕಿಂತ ಚೆಂದ ಕಂಡ ಚಮಚವೇ ಅದು. ಭೂತಗನ್ನಡಿಯಲ್ಲೂ ಗೆರೆ ಅಪ್ಪಟ. ಆದರೆ ಟೇಪಿನ ಗೋಡೆಗೆ ತಾಗಿ ನಿಂತ ಬಣ್ಣ ಒಣಗಿದ ಮೇಲೆ ಒಂದು ಏಣು ಉಳಿಸುತ್ತದೆ. ಏರ್‌ಬ್ರಷ್ಷಿನ ಎರಡು ಮೂರು ಪದರ ಸೇರಿ 25 ಮೈಕ್ರಾನ್ ದಪ್ಪ ಎಂದಿಟ್ಟುಕೊಂಡರೂ, 72ರಿಂದ ಗುಣಿಸಿದರೆ 1.8 ಮಿಲಿಮೀಟರ್. ನಿಜವಾದ ವಿಮಾನದ ಮೇಲೆ ಎರಡು ಮಿಲಿಮೀಟರ್ ಹತ್ತಿರದ ಬಣ್ಣದ ಮೆಟ್ಟಿಲು! “ಅಸಲಿ ವಿಮಾನದಲ್ಲೂ ಅಂಚು ಕೈಗೆ ಸಿಗುತ್ತಿತ್ತು, ಆದರೆ ಉಗುರಿಗೆ ಮಾತ್ರ, ಬೆರಳಿಗಲ್ಲ” ಎಂದರು ಚಿಕ್ಕಜ್ಜ. ಟ್ಯಾಕ್ ಎಳೆಯ ಚಮಚವನ್ನು ಎರಡು ಸಲ ಸವರಿದರೂ ಗೆರೆ ಎಲ್ಲಿದೆಯೆಂದು ಅವರಿಗೆ ಸಿಗಲಿಲ್ಲ. ಅಲ್ಲಿ ಬಣ್ಣ ಕ್ರಮೇಣ ತೆಳುವಾಗುತ್ತಾ ಮುಗಿದಿತ್ತು.

ಹಂಟರ್‌ನ ಬೆನ್ನಿಗೂ ರೆಕ್ಕೆಗೂ ಟ್ಯಾಕ್ ಎಂದು ತೀರ್ಮಾನವಾದದ್ದು ಆ ಬೆರಳಿನಿಂದ. ಮೇಲ್ಭಾಗದ ಬಣ್ಣವೂ ಹೊಟ್ಟೆಯ ತಿಳಿಬಣ್ಣವೂ ಸೇರುವ ನೇರ ಗೆರೆಗೆ ಮಾತ್ರ ಜಪಾನಿ ಟೇಪು, ಆ ಏಣನ್ನು 2000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಮೆಲ್ಲಗೆ ಉಜ್ಜಿದೆ.

ಟೇಪ್ ಬಳಸುವವರಿಗೆ ಕೆಲಸಕ್ಕೆ ಬರುವ ಎರಡು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಟೇಪ್ ಅಂಟಿಸಿದ ಮೇಲೆ ಮೊದಲು ಹೊಸ ಬಣ್ಣ ಹೊಡೆಯಬೇಡಿ. ಕೆಳಗಿರುವ ಬಣ್ಣವನ್ನೇ ಅಂಚಿನ ಗುಂಟ ತೆಳುವಾಗಿ ಒಂದು ಸಲ ಹೊಡೆಯಿರಿ. ಟೇಪಿನಡಿ ಸಂದು ಇದ್ದರೆ ಅದರೊಳಗೆ ನುಗ್ಗುವುದು ಅದೇ ಬೂದು. ಬೂದಿನ ಮೇಲೆ ಬೂದು ಸೋರಿದರೆ ಯಾರಿಗೆ ಗೊತ್ತಾಗುತ್ತದೆ? ಸಂದು ಮುಚ್ಚಿತು, ಆಮೇಲೆ ಹಸಿರು. ಹಾರ್ಡ್‌ವೇರ್ ಅಂಗಡಿಯ ಸುಕ್ಕು ಟೇಪು ಕೂಡ ಈ ಉಪಾಯದಿಂದ ಅರ್ಧ ಮರ್ಯಾದೆ ಉಳಿಸಿಕೊಂಡಿತು.

ಇನ್ನೊಂದು, ಕೀಳುವ ಕೋನ. ಗಾಯದ ಪ್ಲಾಸ್ಟರ್ ಕೀಳುವ ಹಾಗೆ ಟೇಪನ್ನು ಮೇಲಕ್ಕೆ ನೆಟ್ಟಗೆ ಎಳೆಯುವವರೇ ಹೆಚ್ಚು. ಪಟ್ಟಿ ಕೀಳಲು ಬೇಕಾದ ಬಲಕ್ಕೆ ನಮ್ಮ ಪಠ್ಯದಲ್ಲೇ ಒಂದು ಸೂತ್ರವಿದೆ: ಅಂಟಿನ ಶಕ್ತಿ ಮತ್ತು ಪಟ್ಟಿಯ ಅಗಲದ ಗುಣಲಬ್ಧವನ್ನು, ಒಂದರಿಂದ ಕೋನದ ಕೊಸೈನ್ ಕಳೆದು ಬಂದದ್ದರಿಂದ ಭಾಗಿಸಬೇಕು. 90 ಡಿಗ್ರಿಯಲ್ಲಿ ಭಾಜಕ 1. ಟೇಪನ್ನು ಪೂರ್ತಿ ಹಿಂದಕ್ಕೆ ಮಡಚಿ 180 ಡಿಗ್ರಿಯಲ್ಲಿ ಎಳೆದರೆ ಭಾಜಕ 2. ಅಂದರೆ ಅರ್ಧ ಬಲ ಸಾಕು. ಜೊತೆಗೆ ನಿಧಾನವಾಗಿ ಎಳೆದಷ್ಟೂ ಅಂಟಿನ ಹಿಡಿತ ಸಡಿಲ. ಹಿಂದಕ್ಕೆ ಮಡಚಿ ನಿಧಾನವಾಗಿ: ಬಣ್ಣ ಕಿತ್ತು ಬರುವ ಗೋಳು ಮುಕ್ಕಾಲು ಪಾಲು ಇಲ್ಲೇ ತೀರುತ್ತದೆ. ಉಳಿದ ಕಾಲು ಪಾಲು ತೀರಲು ಕಿಟ್‌ನ ಭಾಗಗಳನ್ನು ಶುರುವಿನಲ್ಲೇ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಬೇಕು. ಕಾರ್ಖಾನೆಯ ಅಚ್ಚಿನ ಎಣ್ಣೆ ಮೈಮೇಲಿದ್ದರೆ ಯಾವ ಪ್ರೈಮರ್ರೂ ಹಿಡಿಯುವುದಿಲ್ಲ.

ಮಳೆಯ ಮಾತು ಬಿಡುವಂತಿಲ್ಲ. ಥಿನ್ನರ್ ಬೆರೆಸುವ ಲ್ಯಾಕರ್ ಬಣ್ಣ ತೇವದ ಗಾಳಿಯಲ್ಲಿ ಒಣಗುವಾಗ ಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿಚಿಕೊಳ್ಳುತ್ತದೆ. ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುವುದು ಕಾರಣ. ಕಂಪ್ರೆಸರ್ ಒತ್ತಿದ ಗಾಳಿಯಲ್ಲೂ ನೀರು ಕೂಡುತ್ತದೆ, ನೀರು ಹಿಡಿಯುವ ಬಟ್ಟಲು ಇಲ್ಲದಿದ್ದರೆ ಏರ್‌ಬ್ರಷ್ ನಡುವೆ ಒಂದು ಹನಿ ಉಗುಳಿ ಸಂಜೆಯ ಕೆಲಸ ಕೆಡಿಸುತ್ತದೆ. ಬಣ್ಣ ಒಣಗಿಸಲು ನಾನು ಮಾಡಿಕೊಂಡದ್ದು ಹಳೇ ಬಿಸ್ಕತ್ ಡಬ್ಬ: ಶೂ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟು ಅದರೊಳಗೆ ಹಾಕಿದ್ದೇನೆ. ಕರೆಂಟ್ ಹೋದರೆ ಮಾತ್ರ ಉಪಾಯವಿಲ್ಲ, ಎಳೆ ಹೊಸೆಯುತ್ತಾ ಕೂರಬೇಕು. ಕಿಟಕಿ ತೆರೆದಿರಲಿ, ಮೂಗಿಗೆ ಮಾಸ್ಕ್ ಇರಲಿ. ಆ ಮಾಸ್ಕಿಗೆ ಬದಲಿ ವಸ್ತುವಿಲ್ಲ.

“ಇದರಿಂದ ಕೆಲಸ ಸಿಗುತ್ತದಾ?” ಎಂದು ಅಪ್ಪ ಕೇಳುವುದುಂಟು. ನನಗೂ ಉತ್ತರ ಇರಲಿಲ್ಲ. ಕಳೆದ ಸೆಮಿಸ್ಟರ್ ಮುಗಿದ ಮೇಲೆ ಬೆಂಗಳೂರಿನ ಪೀಣ್ಯದಲ್ಲಿ ಒಂದು ಪೌಡರ್ ಕೋಟಿಂಗ್ ಶೆಡ್ ನೋಡಲು ಹೋಗಿದ್ದೆವು. ಲೋಹದ ಭಾಗಗಳಿಗೆ ಬಣ್ಣದ ಪುಡಿ ಹಾರಿಸಿ, 180ರಿಂದ 200 ಡಿಗ್ರಿ ಒಲೆಯಲ್ಲಿ ಬೇಯಿಸುತ್ತಾರೆ. ಸಹಪಾಠಿಗಳೆಲ್ಲ ಒಲೆ ನೋಡುತ್ತಿದ್ದರೆ ನನ್ನ ಕಣ್ಣು ಒಲೆಗೆ ಹೋಗುವ ಮೊದಲಿನ ಮೇಜಿನ ಮೇಲಿತ್ತು. ಇಬ್ಬರು ಹೆಂಗಸರು ಕುಳಿತು ಪ್ರತಿ ಸ್ಕ್ರೂ ತೂತಿಗೂ ಸಿಲಿಕೋನ್ ಬಿರಡೆ ತುರುಕುತ್ತಿದ್ದರು, ಅರ್ತಿಂಗ್ ಕೊಡುವ ಜಾಗಕ್ಕೆ ಬಿಸಿ ತಡೆಯುವ ಹಸಿರು ಟೇಪನ್ನು ದುಂಡಗೆ ಕತ್ತರಿಸಿ ಅಂಟಿಸುತ್ತಿದ್ದರು. ತೂತಿನೊಳಗೆ ಬಣ್ಣ ಹೋದರೆ ಸ್ಕ್ರೂ ಕೂರುವುದಿಲ್ಲ, ಅರ್ತಿಂಗ್ ಜಾಗಕ್ಕೆ ಹೋದರೆ ಶಾಕ್ ಹೊಡೆಯಬಹುದು. ಮೈದಾ ಉಂಡೆಯ ಅಣ್ಣನೇ ಆ ಬಿರಡೆ. ನಾನು ಟೇಪಿನ ಅಂಟು, ಏಣು, ಕೀಳುವ ಹೊತ್ತು ಎಂದು ಕೇಳತೊಡಗಿದಾಗ ಅಲ್ಲಿಯ ಸೂಪರ್‌ವೈಸರ್ ಊಟದ ಹೊತ್ತು ಮೀರಿದರೂ ನಿಂತು ಮಾತಾಡಿದರು. ಪೂರ್ತಿ ತಣ್ಣಗಾದ ಮೇಲೆ ಟೇಪು ಕಿತ್ತರೆ ಬಣ್ಣದ ಅಂಚು ಚಕ್ಕೆ ಏಳುತ್ತದಂತೆ, ತುಸು ಬೆಚ್ಚಗಿರುವಾಗಲೇ ತೆಗೆಯಬೇಕಂತೆ. ಸರ್ಕ್ಯೂಟ್ ಬೋರ್ಡುಗಳಿಗೆ ರಕ್ಷಣೆಯ ಲೇಪ ಹಚ್ಚುವಾಗ, ಲೋಹಕ್ಕೆ ಪ್ಲೇಟಿಂಗ್ ಮಾಡುವಾಗ, ಕೊನೆಗೆ ಚಿಪ್ಪಿನ ಮೇಲೆ ಬೆಳಕಿನಿಂದ ಗೆರೆ ಮೂಡಿಸುವಾಗಲೂ ಇದೇ ಮಾಸ್ಕಿಂಗ್. ಅಪ್ಪನಿಗೆ ಇದನ್ನು ಹೇಳಿದ್ದೇನೆ. ಅವರು ಸಿಲಿಕೋನ್ ಬಿರಡೆಯ ಬೆಲೆ ಕೇಳಿದರು.

ಹೊಸದಾಗಿ ಶುರು ಮಾಡುವವರು ಕೇಳಿದರೆ ನನ್ನ ಸಲಹೆ ಇಷ್ಟು. ಏರ್‌ಬ್ರಷ್, ಕಂಪ್ರೆಸರ್‌ಗೆ ಹೇಗೂ ದುಡ್ಡು ಹೋಗುತ್ತದೆ, ಮಾಸ್ಕಿಂಗ್‌ಗೆ ಹೋಗಬೇಕಿಲ್ಲ. ಒಂದು ಪೊಟ್ಟಣ ಟ್ಯಾಕ್, ಒಂದು ಸುರುಳಿ ಪ್ಲಂಬರ್ ಟೇಪು, ಆರು ಮಿಲಿಮೀಟರಿನ ಒಂದೇ ಒಂದು ಜಪಾನಿ ಟೇಪು, ಒಂದು ಗಾಜಿನ ತುಂಡು, ಹೊಸ ಬ್ಲೇಡು. ಉಳಿದದ್ದು ಅಡುಗೆಮನೆಯಲ್ಲಿದೆ. ಕಿಟ್ ಕೊಳ್ಳುವ ಮೊದಲು ಆ ವಿಮಾನದ ನಿಜವಾದ ಫೋಟೊ ಹತ್ತಾದರೂ ನೋಡಿ, ಅಂಚನ್ನೇ ನೋಡಿ. ಕಿಟ್ ಪೆಟ್ಟಿಗೆಯ ಚಿತ್ರವನ್ನು ನಂಬಬೇಡಿ, ಅದು ಚಿತ್ರಕಾರ ಬಿಡಿಸಿದ್ದು.

ನನ್ನ ಹಂಟರ್‌ಗೆ ಎರಡೂ ಬಣ್ಣ ಮುಗಿದಿದೆ. ಬಾಲದ ಮೇಲಿನ ತ್ರಿವರ್ಣ, ರೆಕ್ಕೆಯ ಮೇಲಿನ ವೃತ್ತ ಬಾಕಿ; ಅವು ನೀರಿನಲ್ಲಿ ನೆನೆಸಿ ಅಂಟಿಸುವ ಸ್ಟಿಕ್ಕರ್‌ಗಳು. ಅವುಗಳಿಗೂ ಅಂಚಿದೆ, ಚಿಕ್ಕಜ್ಜನ ಬೆರಳಿಗೆ ಅದೂ ಸಿಗುತ್ತದೆ. ಅದನ್ನು ಹೂತುಹಾಕಲು ಮೇಲೆ ಪಾರದರ್ಶಕ ವಾರ್ನಿಶ್ ಎಷ್ಟು ಪದರ ಬೇಕೆಂದು ಈಗ ಉಳಿದ ಚಮಚಗಳ ಮೇಲೆ ನೋಡುತ್ತಿದ್ದೇನೆ. ಇನ್ನೂ ಒಂಬತ್ತು ಚಮಚ ಇವೆ.